ಅರಳಿಗಿಡದ ಬೋಳು ಮಗ್ಗುಲು

ಮೊನ್ನೆ ಹೊಲಿಗೆ ಡಬ್ಬಿಯಲ್ಲಿ ಗುಂಡಿ ಹುಡುಕುವಾಗ ತಳದಲ್ಲಿ ಸೈಕಲ್ ಟ್ಯೂಬಿನ ಒಂದು ಪಟ್ಟಿ ಸಿಕ್ಕಿತು. ಬೆರಳಗಲದ್ದು, ಒಣಗಿ ಬಿರುಕು ಬಿಟ್ಟಿತ್ತು. ಮೂಗಿಗೆ ಹಿಡಿದೆ. ರಬ್ಬರು, ಅದರ ಹಿಂದೆ ಸಣ್ಣಗೆ ಅರಿಶಿನ... ಅರಿಶಿನದ ವಾಸನೆ ಇಷ್ಟು ವರ್ಷ ಉಳಿಯುವುದಿಲ್ಲ ಎಂದು ನನಗೂ ಗೊತ್ತು. ಆದರೂ ಬಂತು.

ಹೊಸಪೇಟೆಯ ಇದೇ ಮನೆಯಲ್ಲಿ ಆಗ ಬಾಡಿಗೆಗಿದ್ದೆವು. ಮದುವೆಯಾಗಿ ಆರು ವರ್ಷವಾಗಿತ್ತು. ಕಾಲುವೆ ನೀರು ಬಂದು ಸುತ್ತಲೂ ಭತ್ತ, ಕಬ್ಬು. ನಮ್ಮವರಿದ್ದ ರೈಸ್ ಮಿಲ್ಲಿಗೆ ಬಿಡುವೇ ಇರಲಿಲ್ಲ. ಊರೆಲ್ಲ ತುಂಬಿತ್ತು, ನನ್ನ ಮಡಿಲೊಂದನ್ನು ಬಿಟ್ಟು. ಹಗಲೆಲ್ಲ ನನ್ನೊಡನೆ ಮಾತಾಡುತ್ತಿದ್ದವರು ಗೋಡೆಯಾಚೆಯ ಕಾಕಾ ಒಬ್ಬರೇ.

ಕಾಕಾ ಕಾಲುವೆ ಕಾಯುವ ನೌಕರಿಯವರು. ಕಲ್ಲುಗೋಡೆಯ ಸಂದಿಯಲ್ಲಿ ಹುಟ್ಟುವ ಅರಳಿ ಸಸಿಗಳನ್ನು ಬೇರುಸಹಿತ ಕೀಳುವುದೂ ಅವರ ಕೆಲಸ. ಬಿಟ್ಟರೆ ಗೋಡೆ ಸೀಳುತ್ತದೆ. ಹಾಗೆ ಕಿತ್ತದ್ದರಲ್ಲಿ ಒಂದನ್ನು ಒಡಕು ಬೋಗುಣಿಯಲ್ಲಿ ನೆಟ್ಟು, ವರ್ಷವರ್ಷವೂ ಬೇರು, ಚಿಗುರು ಕತ್ತರಿಸಿ ಮೊಳದುದ್ದಕ್ಕೇ ನಿಲ್ಲಿಸಿದ್ದರು. ಕಾಂಡ ಮುದುಕರ ಮೊಣಕಾಲಿನ ಹಾಗೆ ಗಂಟುಗಂಟು. ಒಂದು ಮಗ್ಗುಲು ಪೂರಾ ಬೋಳು. ಯಾರಾದರೂ ಬಂದರೆ ಅದನ್ನು ಗೋಡೆಗೆ ತಿರುಗಿಸಿಡುತ್ತಿದ್ದರು. ಹೆಂಡತಿ ತೀರಿಕೊಂಡ ಮನೆಗೆ ಬರುವವರಾದರೂ ಯಾರು... ನಾನೇ.

ನೌಕರಿ ಮುಗಿಯಲು ಒಂದು ವರ್ಷವೂ ಇರಲಿಲ್ಲ. ಅಷ್ಟರೊಳಗೆ ಆ ಮಗ್ಗುಲು ತುಂಬಬೇಕೆಂಬ ಹಟ ಅವರಿಗೆ. ಅದೇ ಗಿಡದ ಉದ್ದ ಚಿಗುರೊಂದನ್ನು ಬಗ್ಗಿಸಿ, ಎರಡೂ ಕಡೆ ತೊಗಟೆ ಕೆರೆದು, ಒಸರಿದ ಹಾಲು ಒರೆಸಿ, ಕಾಂಡಕ್ಕೆ ಒತ್ತಿ ಟ್ಯೂಬಿನ ಪಟ್ಟಿಯಿಂದ ಬಿಗಿದರು. ಕೂಡಿಕೊಂಡ ಮೇಲೆ ಚಿಗುರಿನ ಹಿಂದಿನ ಭಾಗ ಕತ್ತರಿಸಿದರೆ, ಬೋಳಿದ್ದ ಕಡೆ ಹೊಸ ಟೊಂಗೆ. ಅಷ್ಟರಲ್ಲಿ ಸಂಡೂರಿನಲ್ಲಿ ಅವರ ಅಕ್ಕ ಹಾಸಿಗೆ ಹಿಡಿದರು. ಬೋಗುಣಿಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೊರಟರು.

“ಬೇರಿಗಷ್ಟ ನೀರು ಹಾಕವಾ. ಗಂಟು ತೊಯ್ಯಬಾರ್ದು.”

ಅದೇ ವಾರ ಕಂಪ್ಲಿಯಿಂದ ಅತ್ತೆ ಬಂದರು. ಅರಳಿಗೆ ಗಂಟು ಕಟ್ಟಿದ್ದು ಕಂಡದ್ದೇ ಅವರ ಕಣ್ಣಲ್ಲಿ ನೀರು. ನಾನು ಮಕ್ಕಳಿಗಾಗಿ ಹರಕೆ ಕಟ್ಟಿಕೊಂಡಿದ್ದೇನೆ ಎಂದುಕೊಂಡರು. ಮರುದಿನದಿಂದ ಗಂಟಿಗೆ ಅರಿಶಿನದ ನೀರು, ಕುಂಕುಮ. ಅಂಗಳಕ್ಕಿಳಿಸಿದ ಬೋಗುಣಿಗೆ ನಾನು ಹನ್ನೊಂದು ಸುತ್ತು. ಮೊಳದುದ್ದದ ಮರ, ಎರಡು ಹೆಜ್ಜೆಗೆ ಒಂದು ಸುತ್ತು ಮುಗಿಯುತ್ತಿತ್ತು, ತಲೆ ತಿರುಗುತ್ತಿತ್ತು.

ಇದು ಹರಕೆಯಲ್ಲ, ಕಸಿ ಎಂದು ಹೇಳಲು ಒಂದು ಮಾತು ಸಾಕಿತ್ತು. ಹೇಳಿದ್ದರೆ ಅತ್ತೆ ನಿಲ್ಲಿಸುತ್ತಿದ್ದರು. ನನಗೆ ನಿಲ್ಲಿಸುವುದು ಬೇಕಿರಲಿಲ್ಲ.

ತಿಂಗಳ ಮೇಲೆ ಕಾಕಾ ಬಂದರು. ಗಂಟು ಆಗಲೇ ನಾರುತ್ತಿತ್ತು. ಬಿಚ್ಚಿದರೆ ಒಳಗೆಲ್ಲ ಕಪ್ಪಗೆ ಕೊಳೆತು, ಚಿಗುರು ಕೈಗೇ ಬಂತು. ಮೆತ್ತಿದ್ದ ಕುಂಕುಮ ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

“ಒಂದ್ ಮಾತು ಹೇಳಿದ್ರ, ಸುತ್ತು ಹಾಕಾಕ ಮಲಪನಗುಡಿ ಹಾದ್ಯಾಗ ದೊಡ್ಡ ಅರಳಿ ತೋರಿಸ್ತಿದ್ನಲ್ಲವಾ,” ಎಂದರು.

ಬೈದಿದ್ದರೇ ಚೆನ್ನಾಗಿತ್ತು.

ಮತ್ತೆ ಕಸಿ ಕಟ್ಟಲು ಹೊಸ ಚಿಗುರು ಬಲಿಯಬೇಕಿತ್ತು. ಅದಕ್ಕೆ ಮೊದಲೇ ಅವರ ನೌಕರಿ ಮುಗಿಯಿತು. ಸಂಡೂರಿಗೆ ಹೋಗುವಾಗ ಬೋಗುಣಿ ನನಗೇ ಬಿಟ್ಟರು. ಪಟ್ಟಿಯನ್ನು ತೊಳೆದು ಒಣಗಿಸಿ ಕೈಗಿಟ್ಟು, ಈ ಸಲ ನೀನೇ ಕಟ್ಟು ಎಂದರು. ಹೂಂ ಎಂದೆ. ಕಟ್ಟಲಿಲ್ಲ. ನನ್ನ ಕೈಗೆ ಏನೂ ಕೂಡಿಬರುವುದಿಲ್ಲ ಎಂಬ ಹೆದರಿಕೆ ಹೊಕ್ಕಿತ್ತು. ಕೆಲವು ವರ್ಷಗಳ ಮೇಲೆ ಅವರು ಹೋದರೆಂಬ ಸುದ್ದಿ ಬಂತು, ಅದೂ ಯಾರೋ ಬಸ್ಸಿನಲ್ಲಿ ಹೇಳಿದ್ದು... ನನಗೆ ಮಕ್ಕಳಾಗಲಿಲ್ಲ. ನಮ್ಮವರೂ ಈಗಿಲ್ಲ. ಗಿಡ ಇದೆ, ಬೋಳು ಮಗ್ಗುಲು ಗೋಡೆಗೆ.

ಇವತ್ತು ಬೆಳಿಗ್ಗೆ ಅದನ್ನು ಈಚೆಗೆ ತಿರುಗಿಸಿದೆ. ಹಳೆಯ ಪಟ್ಟಿ ಎಳೆದರೆ ತುಂಡಾಯಿತು. ಸೈಕಲ್ ಅಂಗಡಿಯಿಂದ ಹೊಸದು ತಂದು, ಚಿಗುರು ಬಗ್ಗಿಸಿ, ಹಾಲು ಒರೆಸಿ ಕಟ್ಟಿದೆ.

“ಕಾಕಾ, ಇಷ್ಟು ಬಿಗಿ ಸಾಕೇನ್ರೀ?” ಎಂದು ಬಾಯಿಬಿಟ್ಟು ಕೇಳಿಯೇಬಿಟ್ಟೆ.

ಗೋಡೆಯಾಚೆ ಈಗ ಖಾಲಿ ಸೈಟು. ಆದರೂ ಸ್ವಲ್ಪ ಹೊತ್ತು ಕಾದೆ.