ವೇಣೂರಿನ ಹಿತ್ತಿಲಲ್ಲಿ ತೋಡಿದ ಬೆಂಕಿಗುಂಡಿ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವೇಣೂರಿನ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿದಾಗ ಬಂಟ್ವಾಳದಿಂದ ಅಮ್ಮನನ್ನೂ ಕರೆತಂದಿದ್ದೆ. ಒಬ್ಬ ವಯಸ್ಸಾದ ಜೈನ ಹೆಂಗಸಿನ ಮನೆಯ ಹಿಂಬದಿಯ ಎರಡು ಕೋಣೆ ನಮಗೆ ಬಾಡಿಗೆಗೆ ದೊರಕಿತ್ತು. ಡಿಸೆಂಬರ್ ಬಂದದ್ದೇ ತಡ, ಅಮ್ಮನ ಮಂಡಿ ಹಿಡಿದುಕೊಂಡಿತು. ಬಂಟ್ವಾಳದಲ್ಲಿ ಬೆಳಿಗ್ಗೆ ಎದ್ದವಳೇ ಬಚ್ಚಲೊಲೆಯ ಮುಂದೆ ಕುಳಿತು ಕಾಲು ಕಾಯಿಸಿಕೊಳ್ಳುತ್ತಿದ್ದಳು. ಇಲ್ಲಿ ನಮ್ಮ ಪಾಲಿಗೆ ಬಚ್ಚಲೊಲೆ ಇರಲಿಲ್ಲ. ಹಾಸಿಗೆ ಬಿಡುವಾಗ ಎಂಟು ಗಂಟೆಯಾಗುತ್ತಿತ್ತು, ಅದಕ್ಕೆ ಅವಳೇ ನಾಚಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಹಾರೆ ಹಿಡಿದು ಹಿತ್ತಿಲಲ್ಲಿ ಗುಂಡಿ ತೋಡಿದೆ. ಫಲ್ಗುಣಿ ಹೊಳೆಯಿಂದ ನುಣ್ಣನೆಯ ಕಲ್ಲುಗಳನ್ನು ಗೋಣಿಯಲ್ಲಿ ಹೊತ್ತು ತಂದು ಸುತ್ತ ಜೋಡಿಸಿದೆ. ನೋಡಲು ಬಹಳ ಚೆಂದವಿತ್ತು. ಮರುದಿನ ಬೆಳಿಗ್ಗೆ ತೆಂಗಿನ ಗೆರಟೆ, ಸೌದೆ ಹಾಕಿ ಉರಿ ಹಚ್ಚಿ ಅಮ್ಮನನ್ನು ಮಣೆಯ ಮೇಲೆ ಕೂರಿಸಿದೆ. ಸ್ವಲ್ಪ ಹೊತ್ತಿನಲ್ಲಿ ಢಮಾರೆಂದು ಒಂದು ಕಲ್ಲು ಸಿಡಿದು, ಅದರ ಚೂರು ಕಾಫಿಯ ಲೋಟವನ್ನು ಉರುಳಿಸಿತು. ಮಂಡಿ ನೋವಿನ ಅಮ್ಮ ನನಗಿಂತ ಮೊದಲು ಜಗಲಿ ಸೇರಿದ್ದಳು.

ಮನೆಯೊಡತಿ ಓಡಿ ಬಂದರು. ಗುಂಡಿ ಮುಚ್ಚಿ ಎನ್ನುತ್ತಾರೆಂದು ನಾನು ತಲೆ ತಗ್ಗಿಸಿ ನಿಂತೆ.

"ಹೊಳೆ ಕಲ್ಲಿನ ಒಳಗೆ ನೀರಿನ ಪಸೆ ಉಂಟು ಮಾಸ್ಟ್ರೇ. ಬೆಂಕಿ ತಾಗಿದರೆ ಒಡೆಯದೆ ಮತ್ತೆಂಥ ಮಾಡ್ತದೆ? ಕೊಟ್ಟಿಗೆಯ ಹಿಂದೆ ಒಣಗಿದ ಕೆಂಪು ಮುರಕಲ್ಲು ಉಂಟು, ಅದನ್ನು ಇಡಿ. ಗಾಳಿ ಹೋಗ್ಲಿಕ್ಕೆ ಒಂದು ಕಂಡಿ ಬಿಡಿ."

ಹೋಗುವಾಗ ತಿರುಗಿ ನಿಂತರು. "ಎರಡು ಮಾತು ಹೇಳ್ತೇನೆ, ಬೇಸರ ಮಾಡ್ಬೇಡಿ. ಸೌದೆಯನ್ನು ಕುಟ್ಟಿ, ಇರುವೆ ಉದುರಿಸಿಯೇ ಹಾಕ್ಬೇಕು. ಸಂಜೆ ಮೇಲೆ ಉರಿ ಬೇಡ, ಹುಳಗಳು ಬಂದು ಬೀಳ್ತವೆ."

"ಆಯಿತಮ್ಮಾ" ಎಂದೆ.

ಮುರಕಲ್ಲಿನ ಗುಂಡಿ ಸೊಗಸಾಗಿ ಉರಿಯಿತು. ಅಮ್ಮ ಆ ಎರಡು ಮಾತನ್ನು ವ್ರತದಂತೆ ಪಾಲಿಸಿದಳು. ಒಮ್ಮೆ ಒಂದು ಕೊರಡಿನಿಂದ ಇರುವೆಗಳು ಮೊಟ್ಟೆ ಹೊತ್ತುಕೊಂಡು ಇಳಿಯುವವರೆಗೂ ಕಾದು ಕುಳಿತಳು. ಅಂದು ನಾನು ಶಾಲೆಗೆ ತಡವಾಗಿ ಹೋದೆ.

ಮನೆಯೊಡತಿ ಒಂದು ವಾರ ಜಗಲಿಯಿಂದಲೇ ನೋಡಿದರು. ಆಮೇಲೆ ತಮ್ಮ ಮಣೆ ಹಿಡಿದುಕೊಂಡು ಬಂದು ಅಮ್ಮನ ಪಕ್ಕ ಕುಳಿತರು. ಸೂರ್ಯ ಹುಟ್ಟುವ ಮೊದಲು ಅವರು ಏನನ್ನೂ ಬಾಯಿಗೆ ಹಾಕುವವರಲ್ಲ. ಅಮ್ಮನೂ ತನ್ನ ಕಾಫಿಯನ್ನು ಬಿಸಿಲು ಬರುವವರೆಗೆ ಬೂದಿಯ ಅಂಚಿನಲ್ಲಿ ಬೆಚ್ಚಗಿಟ್ಟು ಕಾಯತೊಡಗಿದಳು. ಇಬ್ಬರ ತುಳು ಮಾತು ಬೆಂಕಿ ಆರಿದರೂ ಮುಗಿಯುತ್ತಿರಲಿಲ್ಲ.

ಮರುವರ್ಷ ನನಗೆ ಮೂಡಬಿದಿರೆಗೆ ವರ್ಗವಾಯಿತು. ಅಲ್ಲಿ ಬಚ್ಚಲೊಲೆಯಿರುವ ಮನೆಯೂ ಸಿಕ್ಕಿತು.

"ಈಗ ಎಂಥ ಅರ್ಜೆಂಟು ಮಗಾ? ಬಸ್ಸು ಉಂಟಲ್ಲ" ಎಂದಳು ಅಮ್ಮ.

ಎರಡು ಚಳಿಗಾಲ ನಾನು ವೇಣೂರಿನಿಂದ ಬಸ್ಸಿನಲ್ಲೇ ಓಡಾಡಿದೆ. ಅಂಗಿಯೆಲ್ಲ ಹೊಗೆಯ ವಾಸನೆ. ಪಕ್ಕದಲ್ಲಿ ಕುಳಿತವರು ಮೂಗು ಮುರಿದರೂ ನನಗೇನೂ ಅನಿಸುತ್ತಿರಲಿಲ್ಲ.