ಒದ್ದೆಯಾಗದ ಲಂಗೋಟಿ

ಹೈದರಾಬಾದಿನ ಮಿಯಾಪುರದಲ್ಲಿ ಮೂರನೆಯ ಮಹಡಿಯ ಬಾಡಿಗೆ ಮನೆಗೆ ಬಂದ ಮರುದಿನ ಬೀರು, ಟ್ರಂಕು, ಚೀಲಗಳನ್ನೆಲ್ಲ ತಡಕಾಡಿದೆ. ಇಡೀ ಮನೆಯಲ್ಲಿ ಒಂದೇ ಒಂದು ಹಳೆಯ ಬಟ್ಟೆ ಇರಲಿಲ್ಲ. ಮದುವೆಯಾಗಿ ಎರಡು ವರ್ಷವಾದವರ ಸಂಸಾರ, ಇದ್ದದ್ದೆಲ್ಲ ಹೊಸ ಸೀರೆ, ಹೊಸ ಚಾದರ. ನಾಲ್ಕು ತಿಂಗಳ ಮಗಳು ಒದ್ದೆಯಾಗಿ ಅಳುತ್ತಿದ್ದಳು. ಅವಳ ಕೆಳಗೆ ಹಾಸಲು ಚಿಂದಿಯೂ ಇಲ್ಲದ ಊರಿಗೆ ಬಂದುಬಿಟ್ಟೆನಲ್ಲ ಎನ್ನಿಸಿತು.

ಗದಗಿನ ತವರಿನಲ್ಲಿ ಹೆರಿಗೆಗೆ ಮೊದಲೇ ಓಣಿಯ ಹೆಂಗಸರು ಸವೆದ ನೂಲಿನ ಸೀರೆಗಳನ್ನು ತಂದು ಅವ್ವನ ಕೈಗೆ ಕೊಟ್ಟಿದ್ದರು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತಾಗಿಸಬಾರದೆಂಬುದು ನಮ್ಮ ರೂಢಿ. ಕೂಸು ಆ ತುಂಡುಗಳ ಮೇಲೆ ಬರಿಮೈಯಲ್ಲಿ ಮಲಗಿರುತ್ತಿತ್ತು. ಒದ್ದೆಯಾದದ್ದು ಹೋಗುವವರ ಬರುವವರ ಕಣ್ಣಿಗೆಲ್ಲ ಬೀಳುತ್ತಿತ್ತು, ಯಾರೋ ಒಬ್ಬರು ಬದಲಿಸುತ್ತಿದ್ದರು. ಹೊರಡುವ ಗಡಿಬಿಡಿಯಲ್ಲಿ ಆ ತುಂಡುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದೆ. ಇಲ್ಲಿ ಯಾರ ಬಾಗಿಲು ತಟ್ಟಿ ಹಳೆ ಸೀರೆ ಕೇಳಲಿ? ಭಿಕ್ಷೆಗೆ ಬಂದವಳೆಂದುಕೊಂಡಾರು ಎಂದು ಸುಮ್ಮನಾದೆ.

ಅಂಗಡಿಯ ಡೈಪರ್ ಹಾಕಿದ ಎರಡೇ ದಿನಕ್ಕೆ ಮಗುವಿನ ತೊಡೆಯ ಸಂದು ಕೆಂಪಗೆ ಬೆಂದಂತಾಯಿತು. ಹೈದರಾಬಾದಿನ ಏಪ್ರಿಲ್ ಅದು. ನನ್ನ ಗಂಡ ಮಹೇಶ ಬೆಳಿಗ್ಗೆ ಕೊಂಡಾಪುರದ ಕಂಪನಿಗೆ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಆ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ, ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ. ತವರಿನಿಂದ ತಂದಿದ್ದ ಹೊಲಿಗೆ ಯಂತ್ರ ಬಿಚ್ಚಿದೆ. ಮಗುವಿಗೆ ನಾನೇ ಲಂಗೋಟಿ ಹೊಲಿಯುತ್ತೇನೆಂದು ಕೂತೆ.

ಕೂಕಟ್‌ಪಲ್ಲಿಯಿಂದ ತಂದ ಹೊಸ ಟವೆಲ್ ಕತ್ತರಿಸಿ ಹೊಲಿದ ಮೊದಲನೆಯದು ಒಂದು ಹನಿಯನ್ನೂ ಹೀರಲಿಲ್ಲ. ಉಚ್ಚೆ ಕಾಲಿನ ಸಂದಿನಿಂದ ನೇರ ಹಾಸಿಗೆಗೆ ಹರಿಯಿತು. ಲೋಟದಿಂದ ನೀರು ಸುರಿದು ನೋಡಿದೆ, ಕೆಸುವಿನ ಎಲೆಯ ಮೇಲಿನಂತೆ ಜಾರಿಹೋಯಿತು. ಹೊಸ ಬಟ್ಟೆಯ ಗಂಜಿ ಹೋಗಿರಲಿಲ್ಲ. ಮೂರು ಸಲ ಕುದಿಸಿದೆ. ಆಮೇಲೆ ಹೀರತೊಡಗಿತು, ಆದರೆ ಎರಡನೆಯ ಉಚ್ಚೆಗೆ ಮತ್ತೆ ಸೋರಿತು. ಪದರ ನಾಲ್ಕು ಮಾಡಿದೆ, ಆರು ಮಾಡಿದೆ. ಒಗೆದದ್ದು ಮೆತ್ತಗಿರಲೆಂದು ಘಮಘಮಿಸುವ ದ್ರವದಲ್ಲಿ ಅದ್ದಿದೆ. ಅದರ ಜಿಡ್ಡು ಕೂತು ಬಟ್ಟೆ ಮತ್ತೆ ನೀರು ಹಿಡಿಯದಾಯಿತು. ಪುನಃ ಕುದಿಸಿದೆ.

ಕೊನೆಗೆ ಸಿಕ್ಕಿದ್ದು ಮಹೇಶನ ಜಾಕೆಟ್. ಅಮೆರಿಕದ ಗ್ರಾಹಕರು ಬಂದಾಗ ಕಂಪನಿಯಲ್ಲಿ ಎಲ್ಲರಿಗೂ ಹಂಚಿದ್ದ ಮೆತ್ತನೆಯ ಚಳಿ ಜಾಕೆಟ್, ಈ ಊರಲ್ಲಿ ಯಾರಿಗೆ ಬೇಕಿತ್ತೋ. ಆ ಬಟ್ಟೆ ತಾನು ನೀರು ಹಿಡಿಯದೆ ಕೆಳಗಿನ ಪದರಕ್ಕೆ ಇಳಿಸಿಬಿಡುತ್ತಿತ್ತು. ಅದನ್ನು ಮೈಗೆ ತಾಗುವ ಕಡೆ ಇಟ್ಟು, ನಡುವೆ ಆರು ಪದರ ಟವೆಲ್, ಹೊರಗೆ ರೇನ್‌ಕೋಟಿನ ತುಂಡು ಸೇರಿಸಿ ಹೊಲಿದೆ. ಲೋಟದ ನೀರು ಸುರಿದರೆ ಮೇಲೂ ಒಣ, ಹೊರಗೂ ಒಣ. ನಾನು ಹಿಗ್ಗಿಹೋದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಅದನ್ನೇ ಕಟ್ಟಿದೆ. ಹತ್ತಕ್ಕೆ ಸೊಂಟದಿಂದ ಬೆರಳು ಹಾಕಿ ನೋಡಿದೆ, ಒಣ. ಹನ್ನೆರಡಕ್ಕೂ ಒಣ. ಎರಡಕ್ಕೂ ಒಣ. ಮಗು ಹಾಲು ಕುಡಿದದ್ದೂ ಕಡಿಮೆ, ಸೆಖೆಗೆ ಮಂಕಾಗಿ ಮಲಗೇ ಇತ್ತು. ಗದಗಿನಲ್ಲಿ ಎರಡನೇ ತಿಂಗಳಲ್ಲಿ ವಾಂತಿಭೇದಿಯಾದಾಗ ಡಾಕ್ಟರು ಹೇಳಿದ್ದು ಕಿವಿಯಲ್ಲಿ ಗುಂಯ್ಗುಟ್ಟಿತು: "ಆರು ತಾಸು ಉಚ್ಚಿ ಹೊಯ್ಲಿಲ್ಲಂದ್ರ ಮನ್ಯಾಗ ಕುಂದರಬ್ಯಾಡ್ರಿ, ದವಾಖಾನಿಗೆ ಕರಕೊಂಡ ಬರ್ರಿ." ಏಳು ತಾಸಾಗಿತ್ತು. ಮಹೇಶನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಸ್ಪತ್ರೆ ಯಾವ ಕಡೆಗಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ಓಡಿ ಎದುರು ಮನೆಯ ಬಾಗಿಲು ಬಡಿದೆ.

ಅಲ್ಲಿದ್ದವರು ಸುಗುಣಮ್ಮ, ನಿವೃತ್ತ ಟೀಚರು. ಅದುವರೆಗೆ ಲಿಫ್ಟಿನಲ್ಲಿ ಮುಗುಳ್ನಕ್ಕದ್ದಷ್ಟೇ ನಮ್ಮ ಪರಿಚಯ.

"ಏಮೈಂದಮ್ಮಾ?" ಏನಾಯಿತು ಎಂದು ಕೇಳಿದರು.

ಬಂದಷ್ಟು ತೆಲುಗು, ಹಿಂದಿ ಕಲಸಿ ಹೇಳಿದೆ: ಬೆಳಿಗ್ಗೆಯಿಂದ ಉಚ್ಚೆ ಹೊಯ್ದಿಲ್ಲ ಆಂಟಿ, ಮಗುವಿಗೆ ಏನೋ ಆಗಿದೆ.

ಅವರು ಮಗುವನ್ನು ದಿವಾನದ ಮೇಲೆ ಮಲಗಿಸಿ ಲಂಗೋಟಿ ಬಿಚ್ಚಿದರು. ಅದನ್ನು ಕೈಯಲ್ಲಿ ಒಮ್ಮೆ ತೂಗಿ ನನ್ನ ಅಂಗೈಗೆ ಹಾಕಿದರು. "ಬರುವು ಚೂಡಮ್ಮಾ." ಭಾರ ನೋಡು ಎಂದರು. ನಾದಿಟ್ಟ ರೊಟ್ಟಿ ಹಿಟ್ಟಿನಷ್ಟು ಭಾರವಿತ್ತು. ಹಿಂಡಿದರೆ ಬೆರಳ ಸಂದಿನಿಂದ ಉಚ್ಚೆ ಸುರಿಯಿತು. ನಾಲ್ಕೈದು ಸಲದ್ದು ಅದರೊಳಗೇ ಕೂತಿತ್ತು. ಲೋಟದ ನೀರು ಹಾಕಿ ನಾನೇ ಪರೀಕ್ಷೆ ಮಾಡಿದ್ದೆ, ಭಯದಲ್ಲಿ ಅದೇ ಮರೆತುಹೋಗಿತ್ತು. "ಇಂತ ಬಾಗಾ ಕುಟ್ಟಾವಾ!" ಇಷ್ಟು ಚೆನ್ನಾಗಿ ಹೊಲಿದೆಯಾ ಎಂದು ಅವರು ನಕ್ಕರು. ನಾನು ಅವರ ಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಹೆದರಿಕೆ ಅಷ್ಟಕ್ಕೆ ಹೋಗಲಿಲ್ಲ. ಆಮೇಲೆ ಎಂದೂ ಬೆರಳಿನ ಮಾತು ನಂಬಲಿಲ್ಲ, ಎರಡು ತಾಸಿಗೊಮ್ಮೆ ಬಿಚ್ಚಿ ತೂಗುತ್ತಿದ್ದೆ. ಮಗು ಜಾಸ್ತಿ ಹೊತ್ತು ಮಲಗಿದರೆ ಮೂಗಿನ ಬಳಿ ಕೈ ಹಿಡಿಯುತ್ತಿದ್ದೆ.

ಅವತ್ತು ಸಂಜೆ ಅವ್ವ ಫೋನ್ ಮಾಡಿದಳು. "ದನಿ ಯಾಕ ಹಂಗೈತಿ? ಕೂಸು ಆರಾಮ ಐತಿಲ್ಲೋ?"

"ಆರಾಮ ಐತಬೇ."

"ಬಾ ಇಲ್ಲಿಗೆ. ಬ್ಯಾಸಗಿ ಮುಗಿಯೂತನಾ ಇದ್ದ ಹೋಗು. ಅಲ್ಲಿ ಯಾರ ಅದಾರ ನಿನಗ?"

"ಅದಾರಬೇ," ಎಂದೆ. ಆ ಮಧ್ಯಾಹ್ನ ಕೂಸನ್ನೆತ್ತಿಕೊಂಡು ಓಡುವಾಗ ನನಗೆ ಅವ್ವನ ನೆನಪೇ ಬಂದಿರಲಿಲ್ಲ.