ಬಿಚ್ಚದೆ ಉಳಿದ ಸಿಂಬಿ

ಕಳೆದ ವಾರ ಅಟ್ಟ ಸ್ವಚ್ಛ ಮಾಡುವಾಗ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿತು. ಗಂಟು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಹಳೆಯ ಹತ್ತಿ, ಒಣಗಿದ ಬೇವಿನ ಎಲೆ. ಚೀಲದೊಳಗೆ ಅಪ್ಪನ ಕನ್ನಡಕ, ಒಂದು ಟವೆಲ್, ಅದರ ಕೆಳಗೆ ನೀಲಿ ಪಟ್ಟೆಯ ಗಾದಿ ಬಟ್ಟೆಯಲ್ಲಿ ಹೊಲಿದ ಸಿಂಬಿ. ಕೊಡ ಹೊರುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿಯಂಥದ್ದೇ, ಆದರೆ ಊಟದ ತಟ್ಟೆಯಷ್ಟು ಅಗಲ.

ಇದು ಆಸ್ಪತ್ರೆಯಲ್ಲೇ ಕಸಕ್ಕೆ ಹೋಯಿತೆಂದು ನಾನು ಒಬ್ಬರಿಗೆ ಹೇಳಿದ್ದೆ. ಹಾಗೆಂದೇ ನಂಬಿಯೂ ಇದ್ದೆ. ಅವರು ಹೋದ ವರ್ಷ ತೀರಿಕೊಂಡರು.

ಓಣಿಯವರೆಲ್ಲ ಅವರನ್ನು ಗಾದಿ ಚಾಚಾ ಎನ್ನುತ್ತಿದ್ದರು. ಬೆಟಗೇರಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಅವರ ಅಂಗಡಿ. ಹತ್ತಿ ಹಿಂಜಿ ಗಾದಿ, ದಿಂಬು ಹೊಲಿಯುವ ಕೆಲಸ. ಹುಬ್ಬಿನ ಮೇಲೆ ಸದಾ ಹತ್ತಿಯ ಎಳೆ ಕೂತಿರುತ್ತಿತ್ತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ನಮ್ಮ ಮನೆಯ ಗಾದಿಗಳನ್ನು ಬಿಚ್ಚಿ, ಹತ್ತಿಗೆ ಬಿಸಿಲು ತೋರಿಸಿ, ಹಿಂಜಿ ಮತ್ತೆ ತುಂಬಿಕೊಡುತ್ತಿದ್ದರು. ಹುಳು ಬೀಳದಿರಲೆಂದು ಹತ್ತಿಯಲ್ಲಿ ಬೇವಿನ ಎಲೆಯ ಪುಡಿ ಸೇರಿಸುವುದು ಅವರ ರೂಢಿ. ತಾಲ್ಲೂಕು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದು ನಿವೃತ್ತರಾದ ನಮ್ಮಪ್ಪ ಪ್ರತಿ ಸಲ ಒಂದಿಲ್ಲೊಂದು ತಕರಾರು ತೆಗೆಯುತ್ತಿದ್ದರು.

“ಈ ಸಲ ಗಾದಿಯೊಳಗ ಗಂಟು ಭಾಳ ಅದಾವ ನೋಡು.”

“ಗಾದಿಯೊಳಗ ಇಲ್ರೀ ರಾಯರ, ನಿಮ್ಮ ಬೆನ್ನಾಗ ಅದಾವ. ಅದನ್ನೂ ಬಿಚ್ಚಿ ಹಿಂಜ್ಲೇನು?”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮರುವರ್ಷವೂ ಅದೇ ತಕರಾರು, ಅದೇ ಉತ್ತರ.

ಅಪ್ಪನಿಗೆ ನ್ಯುಮೋನಿಯಾ ಆಗಿ ಗದಗದ ಒಂದು ಆಸ್ಪತ್ರೆಯ ಐಸಿಯುದಲ್ಲಿ ವೆಂಟಿಲೇಟರ್ ಹಾಕಿದಾಗ, ಸಂಜೆ ನಾಲ್ಕರಿಂದ ಐದರವರೆಗೆ ಒಬ್ಬರಿಗೆ ಮಾತ್ರ ಒಳಗೆ ಪ್ರವೇಶವಿತ್ತು. ಚಾಚಾ ದಿನವೂ ಬಂದು ಕೆಳಗೆ ಸೈಕಲ್ ನಿಲ್ಲಿಸುವ ಕಡೆ ನಿಲ್ಲುತ್ತಿದ್ದರು. ಇವತ್ತು ನೀವು ಹೋಗಿ ಎಂದರೆ, “ನೀ ಮಗ ಅದಿ, ನೀ ಹೋಗು ತಮ್ಮಾ. ಖಬರ ತಂದ್ರ ಸಾಕು” ಎನ್ನುತ್ತಿದ್ದರು.

ಬಂದವರೆಲ್ಲ ಆಮ್ಲಜನಕ ಎಷ್ಟು, ಡಾಕ್ಟರ್ ಏನಂದರು ಎಂದು ಕೇಳುತ್ತಿದ್ದರು. ಚಾಚಾ ಮಾತ್ರ ಬೇರೆಯದನ್ನು ಕೇಳಿದರು.

“ಹೆಂಗ ಮಲಗ್ಯಾರ? ಬೆನ್ನ ಮ್ಯಾಲೋ, ಮಗ್ಗಲಕೋ?”

“ಬೆನ್ನ ಮ್ಯಾಲ ರೀ. ಎರಡು ತಾಸಿಗೊಮ್ಮೆ ಹೊರಳಿಸ್ತೀವಿ ಅಂದಿದ್ರು. ಬಿಪಿ ಇಳಿದೈತಿ, ಸದ್ಯಕ್ಕ ಭಾಳ ಅಲುಗಾಡಿಸಾಕ ಬರಂಗಿಲ್ಲ ಅಂತ.”

ಮರುದಿನ ಚಾಚಾ ಈ ಸಿಂಬಿ ತಂದರು. ಕುರ್ತಕೋಟಿ ಕಡೆಯ ಎರೆ ಹೊಲದ ಹತ್ತಿ, ತಮ್ಮ ಮನೆಗೆಂದು ತೆಗೆದಿಟ್ಟಿದ್ದು.

“ಕೊಡ ಹೊರೋ ಹೆಣ್ಮಕ್ಕಳ ನೆತ್ತಿ ಯಾಕ ನೋಯಂಗಿಲ್ಲ ಹೇಳು? ಸಿಂಬಿ ಇರ್ತೈತಿ. ಇದನ್ನ ರಾಯರ ಟೊಂಕದ ಕೆಳಗ ಇಡು. ಬಾಲದ ಎಲುಬು ತೂತಿನ್ಯಾಗ ಇಳೀತೈತಿ, ಹಾಸಿಗಿಗೆ ತಾಗಂಗಿಲ್ಲ.”

ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಮಾತು. ನನಗೂ ಅನ್ನಿಸಿತು. ಡ್ಯೂಟಿಯಲ್ಲಿದ್ದ ಆಯಾ ಕೂಡ ಸಿಂಬಿಯನ್ನು ಒತ್ತಿ ನೋಡಿ, “ಬೆಣ್ಣಿ ಹಂಗ ಐತ್ರಿ” ಎಂದು ಮೆಚ್ಚಿ ಅಪ್ಪನ ಕೆಳಗೆ ಇಟ್ಟಳು. ಡಾಕ್ಟರರನ್ನು ನಾನು ಕೇಳಲಿಲ್ಲ.

ಮೂರನೆಯ ದಿನ ಲಕ್ಷ್ಮೇಶ್ವರದ ಹಿರಿಯ ಸಿಸ್ಟರ್ ರಜೆ ಮುಗಿಸಿ ಬಂದಿದ್ದರು. ನನ್ನನ್ನು ಹಾಸಿಗೆಯ ಪಕ್ಕಕ್ಕೆ ಕರೆದರು. ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ದಿಂಬು ಆನಿಸಿದ್ದರು. ಬೆನ್ನಿನ ತುದಿಯಲ್ಲಿ ನಾಲ್ಕು ಬೆರಳಗಲ ಚರ್ಮ ಕಪ್ಪುಗೆಂಪಾಗಿ, ನಡುವೆ ಸುಲಿದಿತ್ತು.

“ಅಣ್ಣಾರ, ಈ ಸಿಂಬಿ ಯಾರು ತಂದ್ರು? ಸುತ್ತಲೂ ಒತ್ತಿ ಹಿಡದ್ರ ನಡುವಿಗೆ ರಕ್ತ ಹೆಂಗ ಹೋಗಬೇಕ್ರಿ?”

ಇದರಿಂದಲೇ ಆಯಿತೇ ಎಂದು ಕೇಳಿದೆ.

“ಹಂಗಂತ ಹೇಳಾಕ ಬರಂಗಿಲ್ರಿ. ಬಿಪಿ ಇಳಿದವರಿಗೆ, ವೆಂಟಿಲೇಟರ್ ಮ್ಯಾಲ ಇದ್ದವರಿಗೆ ಒಮ್ಮೊಮ್ಮೆ ಏನು ಮಾಡಿದ್ರೂ ಹಾಸಿಗಿ ಹುಣ್ಣು ಬರ್ತಾವ. ಮೊದಲ ಕೆಂಪಾಗಿತ್ತೇನು? ನೀವು ನೋಡಿದ್ರೇನು?”

ನಾನು ಪತ್ರಿಕೆಯೊಂದರ ಜಿಲ್ಲಾ ವರದಿಗಾರ. ಯಾವ ದಿನ, ಎಷ್ಟು ಗಂಟೆಗೆ, ಕಂಡವರು ಯಾರು ಎಂಬುದಿಲ್ಲದೆ ಒಂದು ಸಾಲನ್ನೂ ಡೆಸ್ಕಿಗೆ ಕಳಿಸಿದವನಲ್ಲ. ಜೇಬಿನ ಟಿಪ್ಪಣಿ ಪುಸ್ತಕದಲ್ಲಿ ಆಸ್ಪತ್ರೆಯ ಪ್ರತಿ ದಿನದ್ದೂ ಇತ್ತು. ಜ್ವರ, ಸಕ್ಕರೆ, ಡಾಕ್ಟರರ ಮಾತು. ‘ಬುಧವಾರ, 4.20, ಸಿಂಬಿ ಕೊಟ್ಟೆ’ ಎಂದೂ ಇತ್ತು. ಒಮ್ಮೆ ಹೊರಳಿಸುವಾಗ ಅಪ್ಪನ ಬೆನ್ನಿನ ತುದಿಯಲ್ಲಿ ಕೆಂಪು ಕಂಡದ್ದು ನನಗೆ ನೆನಪಿದೆ. ಅದು ಮಂಗಳವಾರವೋ ಗುರುವಾರವೋ... ಬರೆದಿರಲಿಲ್ಲ. ಬರೆಯುವಂಥದ್ದು ಅನ್ನಿಸಿರಲಿಲ್ಲ.

ಮೆಟ್ಟಿಲಿಳಿದು ಬಂದಾಗ ಚಾಚಾ ಅಲ್ಲೇ ನಿಂತಿದ್ದರು.

“ಸಿಂಬಿ ಹೆಂಗಾತು?”

“ಚಲೋ ಆತ್ರಿ ಚಾಚಾ. ಅಪ್ಪಗ ಭಾಳ ಆರಾಮ ಆಗೇತಿ.”

ಏಕೆ ಹಾಗೆ ಹೇಳಿದೆ? ಅವರಿಗೆ ನೋವಾಗದಿರಲಿ ಎಂದೋ, ಡಾಕ್ಟರರನ್ನು ಕೇಳದ ನನ್ನ ತಪ್ಪು ಹೊರಬೀಳದಿರಲಿ ಎಂದೋ, ಈಗಲೂ ತಿಳಿಯದು. ಅದಾಗಿ ಒಂಬತ್ತನೆಯ ದಿನ ಅಪ್ಪ ತೀರಿಕೊಂಡರು. ಆಸ್ಪತ್ರೆಯ ಕಾಗದದಲ್ಲಿ ಶ್ವಾಸಕೋಶದ ಸೋಂಕು ಎಂದಿತ್ತು. ಹುಣ್ಣಿನ ಮಾತು ಅದರಲ್ಲಿ ಇರಲಿಲ್ಲ. ಆಸ್ಪತ್ರೆಯವರು ಕೊಟ್ಟ ಅಪ್ಪನ ಸಾಮಾನಿನ ಚೀಲವನ್ನು ಬಿಚ್ಚದೆ ಅಟ್ಟಕ್ಕೆ ಹಾಕಿದೆ.

ನಾಲ್ಕೈದು ತಿಂಗಳ ಬಳಿಕ ಮುಂಡರಗಿಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ತಾಯಿಗೆ ಲಕ್ವಾ ಹೊಡೆದು ಐಸಿಯುದಲ್ಲಿದ್ದರು.

“ಗಾದಿ ಚಾಚಾ ಸಿಂಬಿ ಕೊಟ್ಟಾರ್ರಿ. ಪೇಪರಿನವರ ಅಪ್ಪಗ ಭಾಳ ಆರಾಮ ಆಗಿತ್ತು, ಬೇಕಾದ್ರ ಅವರನ್ನ ಕೇಳು ಅಂತ ನಿಮ್ಮ ನಂಬರ್ ಕೊಟ್ರು. ಇಡ್ಲೇನ್ರಿ?”

“ಇಡಬ್ಯಾಡ್ರಿ. ಹೊರಳಿಸೋದು ಮುಖ್ಯ. ಅಲ್ಲಿ ಸಿಸ್ಟರ್ ಏನು ಹೇಳ್ತಾರ, ಅದನ್ನ ಕೇಳ್ರಿ.”

“ಮತ್ತ ನಿಮ್ಮಪ್ಪಗ ಆರಾಮ ಆಗಿತ್ತಂತಲ್ರಿ?”

ನಾನು ಏನೋ ಹೇಳಿ ಫೋನ್ ಇಟ್ಟೆ. ಏನು ಹೇಳಿದೆನೆಂಬುದು ನೆನಪಿಲ್ಲ.

ಆ ದಿನವೇ ಅಂಗಡಿಗೆ ಹೋದೆ. ಹಗ್ಗಕ್ಕೆ ಏಳು ಸಿಂಬಿಗಳು ತೂಗುತ್ತಿದ್ದವು. “ರಾಯರ ಹೆಸರಿನ್ಯಾಗ ಕೊಡಾಕ ಹತ್ತೀನಿ” ಎಂದರು ಚಾಚಾ. ಶಿರಹಟ್ಟಿಗೆ ಒಂದು, ಲಕ್ಷ್ಮೇಶ್ವರಕ್ಕೆ ಎರಡು ಆಗಲೇ ಹೋಗಿದ್ದವು. ನಾನು ಸಿಸ್ಟರ್ ಹೇಳಿದ್ದನ್ನು ಅವರು ಹೇಳಿದ ಹಾಗೆಯೇ ಹೇಳಿದೆ. ಚಾಚಾ ಹಿಂಜುವ ಯಂತ್ರ ನಿಲ್ಲಿಸಿದರು.

“ಅಂದ್ರ ರಾಯರಿಗೆ ನಾನು ಗಾಯ ಮಾಡಿದ್ನೇನು?”

“ಗೊತ್ತಿಲ್ರಿ ಚಾಚಾ.”

“ಸಿಂಬಿ ಇಡೂಕಿಂತ ಮೊದಲ ಕೆಂಪಾಗಿತ್ತೋ, ಆಮ್ಯಾಲೋ?”

“ಗೊತ್ತಿಲ್ರಿ.”

“ಬರದಿಡಲಿಲ್ಲೇನು? ಎಲ್ಲಾ ಬರದಿಡ್ತೀಯಲ್ಲ ನೀ...”

ಅದರಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಸುಳ್ಳು ಹೇಳಿದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಹಗ್ಗದಿಂದ ಸಿಂಬಿಗಳನ್ನು ಇಳಿಸಿ, ಒಂದೊಂದನ್ನೇ ಬಿಚ್ಚಲು ಕೂತರು.

ಮರುದಿನ ಬಸ್ ಹಿಡಿದು ಶಿರಹಟ್ಟಿಗೆ, ಅದರ ಮರುದಿನ ಲಕ್ಷ್ಮೇಶ್ವರಕ್ಕೆ, ಆಮೇಲೆ ಮುಂಡರಗಿಗೆ ಹೋಗಿ ಕೊಟ್ಟದ್ದನ್ನೆಲ್ಲ ಮರಳಿ ತಂದರು. ಲಕ್ಷ್ಮೇಶ್ವರದ ಒಂದು ಮನೆಯಲ್ಲಿ ರೋಗಿ ತೀರಿಕೊಂಡಿದ್ದರಂತೆ. ಆ ಮನೆಯವರು ಏನಂದರು ಎಂದು ನಾನು ಕೇಳಿದೆ. “ಚಹಾ ಕೊಟ್ರು” ಎಂದಷ್ಟೇ ಹೇಳಿದರು.

ಎಲ್ಲವನ್ನೂ ಬಿಚ್ಚಿದ ಮೇಲೆ ನಮ್ಮ ಮನೆಗೆ ಬಂದರು. “ರಾಯರದು ಒಂದು ಉಳೀತು. ತಂದು ಕೊಡು, ಬಿಚ್ತೀನಿ.” ಆಸ್ಪತ್ರೆಯವರು ಎಸೆದಿರಬೇಕು ಎಂದೆ. ಆಮೇಲೆಯೂ ಓಣಿಯಲ್ಲಿ ಎದುರಾದಾಗಲೆಲ್ಲ, ಊಟ ಆತೇನು ಎಂದು ಕೇಳುವಷ್ಟು ಸಹಜವಾಗಿ, “ಆ ಒಂದು ಸಿಕ್ತೇನು ತಮ್ಮಾ?” ಎನ್ನುತ್ತಿದ್ದರು. ನಮ್ಮ ಗಾದಿಗಳನ್ನು ಪ್ರತಿ ವರ್ಷ ಹಿಂಜಿಕೊಟ್ಟರು. ಗಂಟಿನ ತಮಾಷೆಯನ್ನು ಮಾತ್ರ ಮತ್ತೆ ಆಡಲಿಲ್ಲ. ನನ್ನನ್ನು ಕ್ಷಮಿಸಿದ್ದರೋ, ತಮ್ಮನ್ನು ಕ್ಷಮಿಸಿಕೊಂಡಿರಲಿಲ್ಲವೋ... ಕೇಳಬೇಕೆಂದು ಎರಡು ಸಲ ಅಂಗಡಿಯವರೆಗೆ ಹೋಗಿ ಬೇರೆ ಏನೋ ಮಾತಾಡಿ ಬಂದೆ. ಹೋದ ವರ್ಷ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಕೂತಲ್ಲೇ ಹೋದರು. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲ.

ಮೊನ್ನೆ ಈ ಸಿಂಬಿಯನ್ನು ಅಂಗಡಿಗೆ ಒಯ್ದೆ. ಈಗ ಅವರ ಮಗ ಅಲ್ಲಿ ಫೋಮ್ ಗಾದಿ ಮಾರುತ್ತಾನೆ. ಹುಬ್ಬಳ್ಳಿಯಲ್ಲಿದ್ದು ಈಚೆಗೆ ಬಂದವನು, ನಡೆದದ್ದೇನೂ ಅವನಿಗೆ ಗೊತ್ತಿಲ್ಲ. ಅವನ ಕೈಗೆ ಕೊಟ್ಟು, ನಿಮ್ಮಪ್ಪ ಹೇಳಿದ ಹಾಗೆ ಇದನ್ನು ಬಿಚ್ಚಿಬಿಡು ಎನ್ನಬೇಕೆಂದಿದ್ದೆ. ಅವನು ಹೊಲಿಗೆಯ ಮೇಲೆ ಬೆರಳಾಡಿಸಿದ. ಮೂಗಿಗೆ ಹಿಡಿದು ಬೇವಿನ ವಾಸನೆ ನೋಡಿದ.

“ಅಬ್ಬಾನ ಕೈಕೆಲಸ ಇದು! ನನಗ ಕೊಡ್ತೀರೇನ್ರಿ? ಅವರು ಕೈಲೆ ಹೊಲದದ್ದು ಅಂಗಡ್ಯಾಗ ಒಂದೂ ಉಳದಿಲ್ಲ.”

“ಇಟ್ಕೊ. ಆದ್ರ ಯಾರ ಕೆಳಗೂ ಇಡಬ್ಯಾಡ” ಎಂದೆ.

ಅವನು ನಕ್ಕ. “ಅಬ್ಬಾನ ನೆನಪು ಅದು. ಯಾರ ಕೆಳಗ ಇಡ್ಲಿ?”

ಹೊರಗೆ ಬಂದು ಟಿಪ್ಪಣಿ ಪುಸ್ತಕ ತೆಗೆದೆ. ದಿನ ಬರೆದೆ, ಸಮಯ ಬರೆದೆ, ಸಿಂಬಿಯನ್ನು ಮಗನಿಗೆ ಕೊಟ್ಟೆ ಎಂದು ಬರೆದೆ. ಚಾಚಾ ಕೇಳಿದ್ದು ಅದನ್ನಲ್ಲ. ಅವರಿಗೆ ಬೇಕಿದ್ದದ್ದು ಆ ಕೆಂಪು ಮಂಗಳವಾರದ್ದೋ ಗುರುವಾರದ್ದೋ ಎಂಬ ಒಂದು ಮಾತು. ಅದು ಯಾವ ಪುಟದಲ್ಲೂ ಇಲ್ಲ... ಈಗ ಕೇಳುವವರೂ ಇಲ್ಲ.